ಪಕ್ಕದ್ಮನೇಲಿ ಒಂದು ಕೀ

ನಮ್ಮ ಕಿಟಕಿಯ ಮೊಳೆಯಲ್ಲಿ ಈಗ ಯಾರ ಕೀಯೂ ಇಲ್ಲ. ತ್ಯಾಗರಾಜನಗರದ ನಮ್ಮ ಪಕ್ಕದ ಮನೆಯ ಆಂಟಿ ತರಕಾರಿಗೆ ಹೊರಟರೂ ತಮ್ಮ ಮನೆಯ ಎರಡನೆಯ ಕೀಯನ್ನು ಅದಕ್ಕೆ ತಗುಲಿಸಿ, “ಒಂದು ಕೀ ಪಕ್ಕದ್ಮನೇಲಿ ಇರ್ಬೇಕು ಕಣೋ” ಎನ್ನುತ್ತಿದ್ದರು.

ಮೊಬೈಲ್ ವಿಷಯದಲ್ಲಿ ಮಾತ್ರ ಬಲು ಬಿಗಿ. ಲಾಕಿನ ಉದ್ದನೆಯ ನಂಬರನ್ನು ಸೆರಗಿನ ಮರೆಯಲ್ಲಿ ಒತ್ತುತ್ತಿದ್ದರು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ತೆರೆದು, ಮಗಳು ಕಳಿಸಿದ ಫೋಟೊ ನೋಡುವಷ್ಟರಲ್ಲಿ ಕಾಫಿ ಆರಿರುತ್ತಿತ್ತು. “ಫಿಂಗರ್‌ಪ್ರಿಂಟ್ ಇಟ್ಕೊಳ್ಳಿ ಆಂಟಿ, ಸುಲಭ” ಎಂದರೆ, “ನಿದ್ದೇಲಿ ಯಾರಾದ್ರೂ ಒತ್ತಿಸ್ಕೊಂಡ್ರೆ?” ಎಂದು ನನ್ನನ್ನೇ ಗುರಾಯಿಸುತ್ತಿದ್ದರು.

ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ, ಕೀ ತಗುಲಿಸಿದ ಮೇಲೂ ಅವರು ನಿಂತೇ ಇದ್ದರು. ಆಮೇಲೆ ಮೊಬೈಲನ್ನು ನನ್ನ ಮುಂದೆ ಹಿಡಿದು, “ಫಿಂಗರ್‌ಪ್ರಿಂಟ್ ಹೇಗೆ ಇಡೋದು, ತೋರ್ಸು” ಎಂದರು. ತೋರಿಸಿ, “ಬೆರಳಿಡಿ ಆಂಟಿ” ಎಂದೆ.

“ನಂದಲ್ಲ, ನಿಂದಿಡು. ಒಂದು ಕೀ ಪಕ್ಕದ್ಮನೇಲಿ ಇರ್ಬೇಕು ಕಣೋ.”