ಒಂದೇ ಸಲಕ್ಕೆ ಮುಗಿಸಿಬುಡಿ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಬಾಳೆದಿಂಡು ಹೆಚ್ಚುತ್ತಿದ್ದಳು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು. ಜೊತೆಗೇ ಹಳೆಯ ಸಿಟ್ಟೂ ಮೇಲೆದ್ದು ಬಂತು.

ಅಕ್ಕ ಶಿಶುವಿಹಾರದ ಟೀಚರ್. ಅವಳು ಮಕ್ಕಳಿಗೆ ಹೇಳಿಕೊಡುವ ಹಾಡು ಬೀದಿಗೆಲ್ಲ ಕೇಳುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳಿಗೆ ಪಕ್ಕೆನೋವು ಶುರುವಾಯಿತು. ಗೋಡೆ ಹಿಡಿದು ಬಗ್ಗಿ ನಿಂತುಬಿಡುತ್ತಿದ್ದಳು. "ಗ್ಯಾಸು ಕಣೇ, ನಾಟ್ಕ ಆಡ್ಬೇಡ" ಅನ್ನುತ್ತಿದ್ದ ಗಂಡ. ಆಮೇಲೆ ಯಾರೋ ಕಿಡ್ನಿಯಲ್ಲಿ ಕಲ್ಲಿರಬಹುದು ಅಂದರು. ಸರಿ, ಎರಡು ವರ್ಷ ಬಾಳೆದಿಂಡಿನ ರಸ ಕುಡಿಸಿದ್ದೇ ಕುಡಿಸಿದ್ದು. ಮೂತ್ರದಲ್ಲಿ ರಕ್ತ ಬಂದ ಮೇಲೆ ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಅವಳನ್ನು ನೋಡಿಕೊಳ್ಳಲು ಹೋದೆ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಂಡನಿಗೆ ವಿವರಿಸಿದರು. ಕಿಡ್ನಿ ಅರ್ಧ ಕೆಟ್ಟಿದೆ. ಕುಯ್ದು ಕಲ್ಲು ಮಾತ್ರ ತೆಗೆದರೆ ಕಿಡ್ನಿ ಉಳಿಯಬಹುದು, ಆದರೆ ಮತ್ತೆ ಕಲ್ಲು ಕಟ್ಟಿದರೆ ಮತ್ತೆ ಆಪರೇಷನ್. ಇಲ್ಲವಾದರೆ ಕಿಡ್ನಿಯನ್ನೇ ತೆಗೆಯಬೇಕು.

"ಒಂದೇ ಸಲಕ್ಕೆ ಮುಗಿಸಿಬುಡಿ ಸಾರ್. ಪದೇ ಪದೇ ಇವ್ಳು ಇಲ್ಲಿ ಬಂದು ಮಲಗಿದ್ರೆ ಮನೇಲಿ ಬೇಯಿಸೋರ್ಯಾರು?" ಅಂದ ಅವನು. ಕಿಡ್ನಿ ತೆಗೆಯುವ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದ.

ನಾನು ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದೆ.

"ಡಾಕ್ಟ್ರು ಏನಂದ್ರೇ?" ಅಂತ ಅಕ್ಕ ವಾರ್ಡಿನಲ್ಲಿ ಕೇಳಿದಳು. ಬಾಗಿಲಲ್ಲಿ ಗಂಡ ನನ್ನನ್ನೇ ನೋಡುತ್ತಿದ್ದ.

"ಕಲ್ಲು ತೆಗೀತಾರಂತೆ ಅಕ್ಕಾ" ಅಂದೆ... ಅಷ್ಟೇ ಅಂದೆ.

ಹೊಲಿಗೆ ಬಿಚ್ಚುವ ದಿನ ನರ್ಸಮ್ಮ, "ಇನ್ಮೇಲೆ ಒಂದೇ ಕಿಡ್ನಿ ನಿಮ್ಗೆ, ನೀರು ಜಾಸ್ತಿ ಕುಡೀರಮ್ಮ" ಅಂದರು. ಅಕ್ಕ ಹೊಟ್ಟೆಯಿಂದ ಬೆನ್ನಿನವರೆಗೆ ಹೋದ ಗಾಯದ ಮೇಲೆ ಕೈಯಿಟ್ಟುಕೊಂಡು ನನ್ನತ್ತ ತಿರುಗಿದಳು.

"ನಿಂಗೂ ಗೊತ್ತಿತ್ತೇನೇ?"

ನಾನು ತಲೆ ತಗ್ಗಿಸಿದೆ.

ಆಮೇಲೆ ಅವಳು ಗಂಡನ ಜೊತೆ ಮಾತು ಬಿಟ್ಟಳು. ನನ್ನ ಜೊತೆಗೂ. ಶಿಶುವಿಹಾರಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದಳು. ಏಳೆಂಟು ವರ್ಷದ ನಂತರ ಉಳಿದ ಕಿಡ್ನಿಗೂ ಕಲ್ಲು ಅಡ್ಡವಾಯಿತು. ನಾನಾಗ ಮದುವೆಯಾಗಿ ಕುಣಿಗಲ್‌ನಲ್ಲಿದ್ದೆ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣೂ ಆಗಿತ್ತು.

ಅಕ್ಕನ ಗಂಡ ಈಗಲೂ ಗಟ್ಟಿಯಾಗಿದ್ದಾನೆ. ಹೋದ ತಿಂಗಳು ಕ್ಯಾತ್ಸಂದ್ರದ ಮದುವೆಯೊಂದರಲ್ಲಿ ಸಿಕ್ಕಿ, "ಅವ್ಳ ಹಣೇಲಿ ಬರ್ದಿದ್ದೇ ಅಷ್ಟು ಕಣಮ್ಮ" ಅಂದ.

"ಬರ್ದಿದ್ದು ನೀವು" ಅಂದೆ. ಪಕ್ಕದ ಎಲೆಯವರೆಲ್ಲ ತಿರುಗಿ ನೋಡಿದರು. ಊಟ ಬಿಟ್ಟು ಎದ್ದು ಬಂದೆ.

ಅವನಿಗೇನೋ ಅಂದೆ. ಆದರೆ ಆವತ್ತು ವಾರ್ಡಿನಲ್ಲಿ ಬಾಯಿದ್ದೂ ಸುಮ್ಮನಿದ್ದವಳು ನಾನು. ತಪ್ಪಾಯಿತು ಅನ್ನೋಣವೆಂದರೆ, ಕೇಳಿಸಿಕೊಳ್ಳಬೇಕಾದ ಅಕ್ಕನೇ ಇಲ್ಲ.