ಹಿಂದೆ ಬಂದು ಬಿಗಿ ಮಾಡುವವರು

ಷೂಚಿನ್ ಸೈಕಲ್ ರಿಪೇರಿಗೆ ಕೂತದ್ದು ಆಸೆಪಟ್ಟಲ್ಲ. ಷೆನ್ಯಾಂಗ್ ನಗರದ ನಮ್ಮ ಬೀದಿಯ ನೂಲಿನ ಗಿರಣಿಗೆ ಬೀಗ ಬಿದ್ದ ದಿನ ಮೇಲಿನವರು ಅವಳನ್ನೂ ಸೇರಿಸಿ ಅಲ್ಲಿ ದುಡಿಯುತ್ತಿದ್ದ ಹೆಂಗಸರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಹೊಸ ಕಸುಬು ಕಲಿಯಿರಿ ಎಂದು ಚಪ್ಪಾಳೆ ತಟ್ಟಿ ಕಳಿಸಿದರು. ಯಾರು ಕಲಿಸಬೇಕೆಂದು ಹೇಳಲಿಲ್ಲ. ಹೇಳಿದವರು ಕಾರು ಹತ್ತಿ ಹೋದರು. ಆ ಕಾರಿನ ಚಕ್ರ ಬಿಗಿ ಮಾಡಲು ಅವರಿಗೊಬ್ಬ ಆಳಿದ್ದ.

ಅವಳು ಪಂಪು, ಸ್ಪ್ಯಾನರು, ಒಂದು ಬೋಗುಣಿ ನೀರು ಇಟ್ಟುಕೊಂಡು ಮರದ ಕೆಳಗೆ ಕೂತಳು. ರಸ್ತೆಯಾಚೆ ಎದುರಿಗೆ ಗೆಂಗ್ ಮೇಸ್ತ್ರಿ, ಅದೇ ಮೂಲೆಯಲ್ಲಿ ಸೈಕಲ್ ಬಿಚ್ಚುತ್ತಲೇ ತಲೆ ನರೆತವನು. ಅವನು ಪಾಠ ಹೇಳುತ್ತಿರಲಿಲ್ಲ, ಬೈಯುತ್ತಿದ್ದ. ಎಡಗಡೆಯ ಪೆಡಲು ಬಿಚ್ಚಲು ಹೋಗಿ ಅವಳು ಇನ್ನಷ್ಟು ಬಿಗಿ ಮಾಡಿದಾಗ, "ಲೇ ತಂಗಿ, ಆ ಕಡೆ ತಿರುಪು ಉಲ್ಟಾ ಕಣೇ! ಹಿಂಗೇ ತಿರುಗ್ಸು, ನಾಳೆ ಹೊತ್ತಿಗೆ ಬಿಚ್ಕೊಳುತ್ತೆ" ಎಂದು ನಕ್ಕ. ಪಂಕ್ಚರ್ ಹಾಕಿ ಟೈರು ಏರಿಸುವಾಗ ಅವಳು ಸಲಾಕೆಯಿಂದ ಟ್ಯೂಬನ್ನೇ ಕಚ್ಚಿಸಿದಾಗ, "ಒಂದು ತೂತು ಮುಚ್ಚಿದ್ರೆ ಇನ್ನೊಂದು ಪುಕ್ಸಟ್ಟೆನಾ? ಒಳ್ಳೇ ವ್ಯಾಪಾರ" ಎಂದ.

ಅವಳು ನಗಲಿಲ್ಲ. ಗಿರಣಿಯಲ್ಲಿ ತಪ್ಪಾದರೆ ನೂಲು ಹರಿಯುತ್ತಿತ್ತು, ಗಂಟು ಹಾಕಿದರೆ ಮುಗಿಯಿತು. ಇಲ್ಲಿ ತಪ್ಪು ಸೀಟಿನ ಮೇಲೆ ಜನರನ್ನು ಕೂರಿಸಿಕೊಂಡು ಹೊರಟುಹೋಗುತ್ತದೆ. ಅವಳು ಮುಟ್ಟಿದ ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು.

ಹಿಮ ಬೀಳುತ್ತಿದ್ದ ಒಂದು ಸಂಜೆ ಜೂ ಅಜ್ಜ ಬಂದ. ಮುಂದಿನ ಚಕ್ರ ಪಂಕ್ಚರು. "ಬೇಗ ಮಾಡಮ್ಮಾ, ಶಿಶುವಿಹಾರ ಬಿಡೋ ಹೊತ್ತು, ಮೊಮ್ಮಗಳು ಬಾಗಿಲಲ್ಲಿ ಒಬ್ಳೇ ನಿಂತಿರ್ತಾಳೆ." ಅವಳು ನಟ್ಟು ಸಡಿಲಿಸಿ, ಚಕ್ರ ಬಿಚ್ಚಿ, ತೇಪೆ ಹಾಕಿ, ಮತ್ತೆ ಕೂರಿಸಿ ಕೊಟ್ಟಳು. ಅಜ್ಜ ಹೊರಟ.

ಆಮೇಲೆ ಸಾಮಾನು ಜೋಡಿಸಲು ಸ್ಪ್ಯಾನರಿಗೆ ಕೈಯಿಟ್ಟಳು. ಅದರ ಮೇಲೆ ಹಿಮ ಕೂತಿತ್ತು. ತೆಳ್ಳಗೆ, ಬೆರಳ ಗುರುತೊಂದೂ ಇಲ್ಲದೆ.

ನಟ್ಟು ಸಡಿಲಿಸಿ ಕೆಳಗಿಟ್ಟ ಮೇಲೆ ಅವಳು ಅದನ್ನು ಮತ್ತೆ ಮುಟ್ಟೇ ಇರಲಿಲ್ಲ. ಗಿರಣಿಯಲ್ಲಿ ಹೆಂಗಸರು ನಟ್ಟನ್ನು ಬೆರಳಲ್ಲಿ ತಿರುಗಿಸಿ ಮುಂದಿನ ಯಂತ್ರಕ್ಕೆ ಹೋಗಬೇಕಿತ್ತು. ಸ್ಪ್ಯಾನರು ಮುಟ್ಟುವ ಹಾಗಿರಲಿಲ್ಲ. ಹಿಂದಿನಿಂದ ಫಿಟ್ಟರ್ ಬಂದು ಬಿಗಿ ಮಾಡುತ್ತಿದ್ದ. ಅರ್ಧ ಆಯಸ್ಸು ಹಾಗೆ ದುಡಿದ ಕೈ ಅವಸರದಲ್ಲಿ ಅದನ್ನೇ ಮಾಡಿತ್ತು. ಶಿಶುವಿಹಾರದಿಂದ ಮನೆಯ ದಾರಿಯಲ್ಲಿ ರೈಲು ಸೇತುವೆಯ ಕೆಳಗೆ ಕಡಿದಾದ ಇಳಿಜಾರಿದೆ, ಕೆಳಗೆ ಲಾರಿಗಳು.

"ಮೇಸ್ತ್ರಿ, ಬಿಗಿ ಮಾಡ್ಲಿಲ್ಲ! ಮುಂದಿನ ಚಕ್ರ!"

ಗೆಂಗ್ ಬೈಯಲಿಲ್ಲ. ಅವನು ಬೈಯದಿದ್ದುದೇ ಅವಳನ್ನು ಇನ್ನಷ್ಟು ಹೆದರಿಸಿತು. ತನ್ನ ಸೈಕಲ್ಲನ್ನೇ ಅವಳ ಕೈಗೆ ತಳ್ಳಿ, "ಸೇತುವೆಗೇ ಹೋಗು" ಎಂದ.

ಮಂಜುಗಟ್ಟಿದ ರಸ್ತೆಯಲ್ಲಿ ಜಾರುತ್ತಾ ತುಳಿದಳು. ಇಳಿಜಾರಿನ ತಲೆಯಲ್ಲಿ ಅಜ್ಜನ ಬೆನ್ನು ಕಂಡಿತು, ಅವನ ಹಿಂದೆ ಕ್ಯಾರಿಯರ್ ಮೇಲೆ ಕೆಂಪು ಮಫ್ಲರಿನ ಮಗು. "ಅಜ್ಜಾ, ಇಳೀಬೇಡಿ! ನಿಲ್ಸಿ!" ಕಿವಿ ಮುಚ್ಚುವ ತುಪ್ಪಳದ ಟೋಪಿ; ಅಜ್ಜನಿಗೆ ಕೇಳಿಸಲಿಲ್ಲ. ಮಗು ತಿರುಗಿ ನೋಡಿತು. ಅಜ್ಜನ ಕೋಟು ಜಗ್ಗಿತು.

"ತಾತಾ, ಆ ಅತ್ತೆ ಯಾಕೆ ಅಳ್ತಿದಾಳೆ?"

ಅಜ್ಜ ಕಾಲೂರಿದ. ಷೂಚಿನ್ ಮೊದಲು ಮಗುವನ್ನು ಎತ್ತಿ ಕೆಳಗಿಳಿಸಿದಳು, ಆಮೇಲೆ ಚಕ್ರ ನೋಡಿದಳು. ಒಂದು ಕಡೆ ನಟ್ಟೇ ಇರಲಿಲ್ಲ.

"ನಾನು ಬಿಗಿ ಮಾಡೋದು ಮರ್ತೆ, ಅಜ್ಜಾ."

ಅಜ್ಜ ಇಳಿಜಾರನ್ನು ನೋಡಿದ, ಕೆಳಗಿನ ಲಾರಿಗಳನ್ನು ನೋಡಿದ. "ಕಲಿಯೋಕೆ ನನ್ನ ಮೊಮ್ಮಗಳೇ ಬೇಕಿತ್ತಾ ನಿಂಗೆ?" ಎಂದ. ಮಗುವಿನ ಕೈ ಹಿಡಿದು, ಸೈಕಲ್ಲು ತಳ್ಳಿಕೊಂಡು ನಡೆದ.

ಅಜ್ಜನ ಮಾತು ನ್ಯಾಯವೇ. ಆದರೆ ಅದು ತಲುಪಬೇಕಾದ ಕಿವಿಗಳು ಬೇರೆ. ಒಂದು ಕೈಗೆ ಅರ್ಧ ಕೆಲಸವನ್ನಷ್ಟೇ ಕಲಿಸಿ, ಉಳಿದರ್ಧವನ್ನು ಬೀದಿಯಲ್ಲಿ ಕಂಡವರ ಮಕ್ಕಳ ಮೇಲೆ ಕಲಿತುಕೋ ಎಂದು ಬಿಟ್ಟವರಿಗೆ ಈ ಇಳಿಜಾರು ಗೊತ್ತಿಲ್ಲ.

ಈಗ ಅವಳು ಸ್ಪ್ಯಾನರನ್ನು ನೂಲಿನ ಹುರಿಯಲ್ಲಿ ಮಣಿಕಟ್ಟಿಗೆ ಕಟ್ಟಿಕೊಂಡಿರುತ್ತಾಳೆ. "ಮೇಡಂ ಬಳೆ ಚೆನ್ನಾಗಿದೆ" ಎನ್ನುತ್ತಾನೆ ಗೆಂಗ್. ಪ್ರತಿ ನಟ್ಟನ್ನೂ ಬಿಗಿದ ಮೇಲೆ ಅವಳು ರಸ್ತೆಯಾಚೆ ಕೂಗುತ್ತಾಳೆ: "ಮೇಸ್ತ್ರಿ, ಒಂಚೂರು ಬಂದು ನೋಡಿ." ಅವನು ಗೊಣಗುತ್ತಾ ಎದ್ದು ಬಂದು, ನಟ್ಟಿಗೆ ಕೈಹಾಕಿ ನೋಡಿ ಹೋಗುತ್ತಾನೆ.

ಜೂ ಅಜ್ಜ ದಿನವೂ ಆ ದಾರಿಯಲ್ಲೇ ಹಾಯುತ್ತಾನೆ. ಮೊಮ್ಮಗಳು ಕೈಬೀಸುತ್ತಾಳೆ. ಅವನು ಮಾತ್ರ ಷೂಚಿನ್ ಕಡೆ ನೋಡುವುದಿಲ್ಲ. ಸೇತುವೆ ಬಂದೊಡನೆ ಇಳಿದು ತಳ್ಳುತ್ತಾನೆ.