ಮಾವನ ಎದೆಯೊಳಗಿನ ಸಿಳ್ಳು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದೆ ಹೋಗುವಾಗ ಶೇಂಗಾ ಹೊಟ್ಟಿನ ಘಾಟು ಮೂಗಿಗೆ ಬಿತ್ತೆಂದರೆ ನನಗೆ ಥಟ್ಟನೆ ನನ್ನ ಸೋದರಮಾವ ನೆನಪಾಗುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಈ ಹೊಟ್ಟಿನ ದೂಳಿನಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ಅವನ ಎದೆಯೊಳಗೆ ಯಾರೋ ಕುಳಿತು ಸಿಳ್ಳೆ ಹಾಕುತ್ತಾರೆ. ನಾನೋ, ದೇವರು ಕೊಟ್ಟ ಬುದ್ಧಿಯನ್ನೆಲ್ಲ ಗಂಟಲಿಗೇ ಇಳಿಸಿಕೊಂಡವನು. ಕಂಡವರ ದನಿ ಕದಿಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ.

ಮಾವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಚಳ್ಳಕೆರೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, "ಉಬ್ಬಸ ಏನಾದ್ರೂ ಐತಾ?" ಎಂದರು.

"ಎಲ್ಲಿಂದ್ರಮ್ಮಾ!" ಎಂದ ಮಾವ, ಎದೆ ಉಬ್ಬಿಸಿ.

ನೋಡಿ, ಅವನ ಕಷ್ಟವೂ ಸಣ್ಣದಲ್ಲ. ಡಾಕ್ಟರಮ್ಮನ ಹಿಂದೆ ನಿಂತಿದ್ದ ನರ್ಸು, ಮಾವನ ಮಗಳನ್ನು ನೋಡಿಹೋಗಿದ್ದ ಹುಡುಗನ ಸೋದರತ್ತೆ! ದಮ್ಮಿನ ಮನೆತನ ಅಂತ ಸುದ್ದಿಯಾದರೆ ಸಂಬಂಧ ಮುರಿಯುತ್ತದೆಂದು ಅವನ ಭಯ. ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪನ್ನು ಎಲೆಅಡಿಕೆ ಚೀಲದಲ್ಲಿಟ್ಟು, ಬಚ್ಚಲಿಗೆ ಹೋಗಿ ಎಳೆದುಕೊಂಡು ಬಂದಿದ್ದ. ಸ್ಟೆತಸ್ಕೋಪಿಗೆ ಏನೂ ಸಿಗಲಿಲ್ಲ.

ಅವರು ಹೋದದ್ದೇ ತಡ, ಪಕ್ಕದ ಮಂಚದ ತಾತ, "ಬೇಜಾರಾಗೇತಿ, ಯಾರ್ದಾರ ದನಿ ಮಾಡಲೇ" ಎಂದ ನನಗೆ. ಬಸ್ ಕಂಡಕ್ಟರಾದೆ, ಮಿಲ್ಲಿನ ಸಾಹುಕಾರನಾದೆ, ಕೊನೆಗೆ ಮಗ್ಗದ ಮುಂದೆ ಕುಳಿತ ಮಾವನಾದೆ. ಕೆಮ್ಮು, ಸಿಳ್ಳು, ನಡುವೆ ಒಂದು ಬೈಗುಳ. ವಾರ್ಡೆಲ್ಲ ನಕ್ಕಿತು, ಬಾಗಿಲಲ್ಲಿದ್ದವರೊಬ್ಬರನ್ನು ಬಿಟ್ಟು.

"ಇನ್ನೊಂದ್ಸಲ ಮಾಡಪ್ಪ," ಎಂದರು ಡಾಕ್ಟರಮ್ಮ.

ಹೊಗಳಿಕೆ ಅಂದುಕೊಂಡು, ಇನ್ನೂ ಚೆನ್ನಾಗಿ ಮಾಡಿದೆ.

"ಉಸಿರು ಬಿಡೋವಾಗ್ಲೇ ಸಿಳ್ಳು ಎಳೀತಿಯಲ್ಲ, ಇದು ನೋಡದೆ ಬರೋದಲ್ಲ. ಯಾರದು?"

ಮಾವ ನನ್ನನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಮಗಳ ಮದುವೆಯ ಚಪ್ಪರವೇ ಅಲುಗಾಡುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ನನಗೆ ಯಾರ ದನಿಯೂ ಹೊಳೆಯಲಿಲ್ಲ. "ಇವರದೇ ರೀ," ಎಂದೆ.

"ಊರ್ಕೋರಾ!" ಸುಮ್ಮನಿರೋ ಅಂತ. ಮಾವನಿಗೆ ಸಿಟ್ಟು ಬಂದರೆ ತೆಲುಗೇ.

ಡಾಕ್ಟರಮ್ಮ ಮಂಚದ ತುದಿಗೆ ಕುಳಿತರು. "ಯಜಮಾನ್ರೇ, ನಾವು ಕೊಡೋ ಗ್ಯಾಸೆಲ್ಲ ಒಂದೇ ಅಲ್ಲ. ಒಂದು ಘಾಟಿನದು, ದಮ್ಮಿನೋರ ಉಸಿರ್ಕೊಳವೆನ ಕೆಣಕುತ್ತೆ. ಇನ್ನೊಂದು ಅದನ್ನ ಸಡಿಲ ಮಾಡುತ್ತೆ. ಗಂಟಲಿಗೆ ನಳಿಕೆ ಹಾಕೋವಾಗ ಕೊಳವೆ ಬಿಗಿದ್ರೆ, ಒಳಗೆ ಗಾಳೀನೇ ಹೋಗಲ್ಲ. ನನಗೆ ಮೊದ್ಲೇ ಗೊತ್ತಿರಬೇಕೋ ಬೇಡ್ವೋ?"

"ಹಂಗಾರೆ ವಾಪಸ್ ಕಳಿಸ್ತೀರಾ?"

"ಯಾಕೆ ಕಳಿಸ್ಲಿ? ಮೊದ್ಲು ಎದೆ ಹದ ಮಾಡ್ಕೊಂಡು, ಆಮೇಲೆ ಮಾಡೋಣ."

ಆಪರೇಷನ್ ಮುಂದಕ್ಕೆ ಹೋಯಿತು. ಮಾವ ನನ್ನ ಜೊತೆ ಮಾತು ಬಿಟ್ಟ. ಸಂಜೆ ಆ ನರ್ಸಮ್ಮ ಮೂಗಿಗೆ ಹಬೆಮದ್ದಿನ ಮುಖವಾಡ ಕಟ್ಟಿದಾಗಂತೂ ಕಣ್ಣೇ ಮುಚ್ಚಿಕೊಂಡ. ಆಕೆ ಬಗ್ಗಿ ಮೆಲ್ಲಗೆ ಅಂದಳು: "ನಾಚ್ಕೋಬ್ಯಾಡ್ರಿ ಬೀಗರೇ. ಹೆಣ್ಣು ನೋಡಾಕೆ ಬಂದ ದಿನ ನಮ್ಮಣ್ಣ, ಅದೇ ಹುಡುಗನ ಅಪ್ಪ, ನಿಮ್ಮ ಹಿತ್ತಲಿಗೆ ಯಾಕೆ ಹೋಗಿದ್ದ ಅಂದ್ಕೊಂಡ್ರಿ? ಪಂಪ್ ಹೊಡ್ಕೊಳಾಕೆ!"

ಮುಖವಾಡದೊಳಗೆ ಮಾವ ನಕ್ಕ ನಗೆಯನ್ನು ಮಾತ್ರ ನನಗೆ ಇವತ್ತಿಗೂ ಅನುಕರಿಸಲಾಗಿಲ್ಲ.

ಎದೆ ಹದವಾದ ಮೇಲೆ, ಆ ಸಡಿಲ ಮಾಡುವ ಗ್ಯಾಸಿನಲ್ಲಿ ಅವನು ಸುಖವಾಗಿ ಮಲಗಿ, ಸುಖವಾಗಿ ಎದ್ದ. ಮದುವೆಯೂ ಆಯಿತು. ಈಗ ಅವನದು ಬೇರೆ ಕಾಟ. ಮೊನ್ನೆ ಕನ್ನಡಕ ಕೊಳ್ಳಲು ಕರೆದುಕೊಂಡು ಹೋದೆ. ಅಂಗಡಿಯವನು ಬಾಯಿ ತೆರೆಯುವ ಮೊದಲೇ ಮಾವ ಶುರು ಮಾಡಿದ: "ಮೊದ್ಲೇ ಹೇಳಿಬಿಡ್ತೀನಿ, ನಂಗೆ ದಮ್ಮೈತಿ."

ಅಂಗಡಿಯವನು ಪಿಳಿಪಿಳಿ ನನ್ನ ಮುಖ ನೋಡಿದ. ಗಂಟಲ ತುದಿಗೆ ಸಿಳ್ಳು ಬಂದಿತ್ತು, ನುಂಗಿಕೊಂಡೆ.

"ಹೌದ್ರಿ," ಎಂದೆ, "ಐತೆ. ಬರ್ಕೊಳ್ರಿ."